ಹಡಗಿನ ಗುಟ್ಟು, ಹೆದರಿದ ಹುಡುಗ: ರಕ್ಷಣಾ ಸಚಿವರಿಗೆ ಕಾರವಾರದಿಂದ ಒಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ ನಮಸ್ಕಾರಗಳು.

ನಾನು ಕಾರವಾರದವನು. 31 ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದ ಮಾಸ್ತರ. ನನ್ನ ಕೈಯಲ್ಲಿ ಕಲಿತವರು ನೌಕಾಪಡೆಯಲ್ಲೂ ಇದ್ದಾರೆ. ಹಡಗಿಗೆ ಬಣ್ಣ ಬಳಿಯುವ, ಪೈಪು ಜೋಡಿಸುವ, ಕ್ಯಾಂಟೀನಿಗೆ ತರಕಾರಿ ಹೊರುವ ಗುತ್ತಿಗೆ ಕೆಲಸಗಳಲ್ಲೂ ಇದ್ದಾರೆ. ಅಂಥ ಒಬ್ಬ ಹುಡುಗನ ಸಲುವಾಗಿ ಈ ಪತ್ರ. ಅವನ ಹೆಸರು, ಊರು, ಕೆಲಸದ ಜಾಗ, ಗುತ್ತಿಗೆದಾರ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಬರೆಯುವುದಕ್ಕೆ ಅವನ ಒಪ್ಪಿಗೆ ಇದೆ.

2025ರ ಶಿವರಾತ್ರಿಗೆ ಇನ್ನೆರಡು ದಿನ ಇತ್ತು. ದೀಪ ಹಚ್ಚುವ ಹೊತ್ತಿಗೆ ಬಂದು ಜಗಲಿಯ ತುದಿಯಲ್ಲಿ ಕೂತ. ಚಹಾ ತಂದಿಟ್ಟರೆ ಮುಟ್ಟಲಿಲ್ಲ. ಸುಮಾರು ಹೊತ್ತು ಅಂಗಳ ನೋಡುತ್ತಿದ್ದವನು ಕಿಸೆಯಿಂದ ಮೊಬೈಲ್ ತೆಗೆದು, "ಇದನ್ನೊಂದು ಓದಿ ಮಾಸ್ತರೇ" ಎಂದು ನನ್ನ ಕೈಗಿಟ್ಟ. ಗಾಜಿನ ಮೂಲೆ ಒಡೆದಿತ್ತು. ಫೇಸ್‌ಬುಕ್‌ನಲ್ಲಿ ಪರಿಚಯವಾದ ಒಬ್ಬ ಹುಡುಗಿ, ಬಿಳಿ ಸಮವಸ್ತ್ರದ ಫೋಟೊ, ಮಾತೆಲ್ಲ ಹಿಂದಿಯಲ್ಲಿ. ಮೊದಲ ಎರಡು ವಾರ ಊಟ ಆಯಿತಾ, ಅಮ್ಮನ ಕಾಲುನೋವು ಹೇಗಿದೆ, ಇಷ್ಟೇ. ಆಮೇಲೆ ಅಮ್ಮನ ಔಷಧಕ್ಕೆಂದು 2,000 ರೂಪಾಯಿ ಬಂದಿದೆ. ಅದಾದ ನಾಲ್ಕನೆಯ ದಿನ, ನೀನು ಕೆಲಸ ಮಾಡುವ ಜಾಗ ನೋಡಬೇಕು, ಒಂದು ಸೆಲ್ಫಿ ಕಳಿಸು ಎಂದು ಕೇಳಿದ್ದಾಳೆ. ಇವನು ಕಳಿಸಿದ್ದಾನೆ. ಫೋನು ಒಳಗೆ ಒಯ್ಯಬಾರದೆಂಬ ನಿಯಮ ಇವನಿಗೆ ಗೊತ್ತಿತ್ತು. ಬುತ್ತಿಚೀಲದ ತಳದಲ್ಲಿ ಇಟ್ಟುಕೊಂಡು ಹೋಗಿದ್ದ. ಊಟದ ಡಬ್ಬಿ ಹಿಡಿದು ನಗುತ್ತ ನಿಂತಿದ್ದಾನೆ. ಬೆನ್ನ ಹಿಂದೆ ಬೂದು ಬಣ್ಣದ ಗೋಡೆ. ಗೋಡೆಯಲ್ಲ ಅದು, ಹಡಗಿನ ಮೈ.

ಮರುದಿನದ ಪ್ರಶ್ನೆ: ಇದರ ಕೆಲಸ ಎಂದು ಮುಗಿಯುತ್ತದೆ, ಎಂದು ಹೊರಡುತ್ತದೆ?

ಇಲ್ಲಿ ಅವನಿಗೆ ಹೊಟ್ಟೆಯಲ್ಲಿ ಕಸಿವಿಸಿಯಾಯಿತಂತೆ. ಉತ್ತರ ಕೊಡಲಿಲ್ಲ. ಅದೇ ವಾರ ರಾಷ್ಟ್ರೀಯ ತನಿಖಾ ದಳ (ಎನ್‌ಐಎ) ನಮ್ಮ ಕಾರವಾರ, ಅಂಕೋಲಾ ಕಡೆಯ ಇಬ್ಬರನ್ನು ನೌಕಾನೆಲೆಯ ಮಾಹಿತಿ ಸೋರಿಸಿದ ಆರೋಪದ ಮೇಲೆ ಬಂಧಿಸಿದ ಸುದ್ದಿ ಪೇಪರಿನಲ್ಲಿ ಬಂತು. ಓದಿದ ರಾತ್ರಿ ಇವನಿಗೆ ನಿದ್ದೆಯಿಲ್ಲ. ಪೊಲೀಸರ ಹತ್ತಿರ ಹೋಗೋಣ ಎಂದೆ. "ಹೋದರೆ ನನ್ನನ್ನೇ ಒಳಗೆ ಹಾಕ್ತಾರೆ ಮಾಸ್ತರೇ. ಫೋಟೊ ಕಳಿಸಿದ್ದು ನಾನೇ ಅಲ್ಲವಾ, ದುಡ್ಡು ತಗೊಂಡಿದ್ದೂ ನಾನೇ" ಎಂದ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ನಾಳೆ ಒಬ್ಬ ವಕೀಲರನ್ನು ಕೇಳುತ್ತೇನೆ, ಅಲ್ಲಿಯವರೆಗೆ ಏನನ್ನೂ ಅಳಿಸಬೇಡ ಎಂದು ಹೇಳಿ ಕಳಿಸಿದೆ. ಅದು ನನ್ನ ತಪ್ಪು. ಆಗಲೇ ಕೈಹಿಡಿದು ಕರೆದುಕೊಂಡು ಹೋಗಬೇಕಿತ್ತು. ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದರೆ ಅವನಿಲ್ಲ. ನಡುರಾತ್ರಿ ಕಾಳಿ ಸೇತುವೆಯ ಮೇಲಿಂದ ಮೊಬೈಲನ್ನು ನೀರಿಗೆ ಎಸೆದು, ಬೆಳಗಾಗುವ ಮೊದಲೇ ರತ್ನಾಗಿರಿ ಕಡೆಯ ಟ್ರಾಲರ್ ಬೋಟಿಗೆ ಸೇರಿಕೊಳ್ಳಲು ಹೊರಟುಹೋಗಿದ್ದ.

ಸಚಿವರೇ, ಆ ಮೊಬೈಲಿನಲ್ಲಿ ಇದ್ದದ್ದು ಒಬ್ಬ ಹುಡುಗನ ಮೂರ್ಖತನ ಮಾತ್ರ ಅಲ್ಲ. ದುಡ್ಡು ಬಂದ ಖಾತೆಯ ಗುರುತಿತ್ತು. ಆ ಖಾತೆಯ ಹಿಂದೆ ಇನ್ನೊಂದು ಖಾತೆ ಇದ್ದಿರಬೇಕು. ಅದೇ ಹೊತ್ತಿನಲ್ಲಿ ಅದೇ ಬಿಳಿ ಸಮವಸ್ತ್ರದ ಹುಡುಗಿ ಇನ್ನೆಷ್ಟು ಹುಡುಗರ ಅಮ್ಮಂದಿರ ಕಾಲುನೋವು ವಿಚಾರಿಸುತ್ತಿದ್ದಳೋ, ಆ ದಾರದ ಒಂದು ತುದಿ ನನ್ನ ಜಗಲಿಯವರೆಗೂ ಬಂದು ನದಿಗೆ ಬಿತ್ತು. ಹೆದರಿಕೆಯಿಂದ ಬಿತ್ತು.

ಒಂದು ಸೆಲ್ಫಿಯಿಂದ ಏನಾಗುತ್ತದೆ ಎಂದು ಕೇಳುವವರು ನಮ್ಮೂರಲ್ಲೂ ಇದ್ದಾರೆ. ಹಡಗು ಎಲ್ಲರ ಕಣ್ಣಿಗೂ ಕಾಣುತ್ತದಲ್ಲ, ಮೀನಿಗೆ ಹೋಗುವ ಪ್ರತಿಯೊಬ್ಬನೂ ನೋಡುತ್ತಾನಲ್ಲ ಎನ್ನುತ್ತಾರೆ. ಅವರಿಗೆ ನಾನು 1971ರ ಕತೆ ಹೇಳುತ್ತೇನೆ. ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ನಮ್ಮ ವಿಮಾನವಾಹಕ ವಿಕ್ರಾಂತ್‌ನನ್ನು ಹುಡುಕಿಕೊಂಡು ಬಂಗಾಳಕೊಲ್ಲಿಗೆ ಬಂದಿತ್ತು. ವಿಕ್ರಾಂತ್ ಅಂಡಮಾನಿನ ಮರೆಯಲ್ಲಿ ಅಡಗಿ ನಿಂತಿತ್ತು. ಪೂರ್ವ ನೌಕಾ ಕಮಾಂಡಿನ ವೈಸ್ ಅಡ್ಮಿರಲ್ ಕೃಷ್ಣನ್ ಏನು ಮಾಡಿದರು? ವಿಶಾಖಪಟ್ಟಣದ ಪೇಟೆಯಲ್ಲಿ ದೊಡ್ಡ ನೌಕಾದಳಕ್ಕೆ ಬೇಕಾಗುವಷ್ಟು ಮಾಂಸ, ತರಕಾರಿ, ದಿನಸಿಗೆ ಆರ್ಡರ್ ಕೊಡಿಸಿದರು. ಪೇಟೆಯಲ್ಲಿ ಗೂಢಚಾರರು ಇದ್ದೇ ಇರುತ್ತಾರೆ, ಸುದ್ದಿ ಮುಟ್ಟಿಸಿಯೇ ಮುಟ್ಟಿಸುತ್ತಾರೆ ಎಂಬ ಲೆಕ್ಕ ಅವರದು. ರಾಜಪೂತ್ ಎಂಬ ಹಳೆಯ ಹಡಗನ್ನು ಕಡಲಿಗೆ ಕಳಿಸಿ, ವಿಕ್ರಾಂತ್ ಮಾತಾಡಿದಂತೆ ರೇಡಿಯೊದಲ್ಲಿ ಮಾತಾಡಿಸಿದರು. ತಾಯಿಯ ಆರೋಗ್ಯ ವಿಚಾರಿಸುವ ಒಬ್ಬ ನಾವಿಕನ ತಂತಿಯನ್ನೂ ಗುಟ್ಟಿಲ್ಲದೆ ಬಯಲಿನಲ್ಲೇ ಕಳಿಸಿದರು, ಆ ನಾವಿಕ ವಿಕ್ರಾಂತ್‌ನಲ್ಲಿದ್ದಾನೆ ಎಂದು ಕೇಳುವವರು ತಿಳಿಯಲಿ ಅಂತ. ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ಘಾಜಿ ವಿಶಾಖಪಟ್ಟಣದ ಬಂದರಿನ ಹೊರಗೆ ಮುಳುಗಿತು. ಅದರಲ್ಲಿದ್ದವರು ಯಾರೂ ಉಳಿಯಲಿಲ್ಲ.

ತರಕಾರಿ ಲೆಕ್ಕ, ತಾಯಿಯ ಕುಶಲ. ಇಂಥ ಚಿಲ್ಲರೆ ಸುದ್ದಿಗಳಿಂದ ಹಡಗಿನ ಜಾಡು ಹಿಡಿಯಬಹುದೆಂದು ನಮ್ಮ ನೌಕಾಪಡೆಗೆ ಅಷ್ಟು ಚೆನ್ನಾಗಿ ಗೊತ್ತಿದ್ದರಿಂದಲೇ ಅವನ್ನು ಸುಳ್ಳಾಗಿ ಹರಿಯಬಿಟ್ಟು ಗೆದ್ದಿತು. ಈಗ ಅದೇ ಚಿಲ್ಲರೆ ಸುದ್ದಿ ನಿಜವಾಗಿ ಹರಿಯುತ್ತಿದೆ. ಹಡಗು ಬಂದರಿನಲ್ಲಿ ನಿಂತಿರುವುದು ಗುಟ್ಟಲ್ಲ. ಅದರ ಯಾವ ಯಂತ್ರ ಬಿಚ್ಚಿಟ್ಟಿದ್ದಾರೆ, ದುರಸ್ತಿಗೆ ಇನ್ನೆಷ್ಟು ದಿನ, ರಜೆ ಮೇಲೆ ಹೋದವರನ್ನು ವಾಪಸು ಕರೆದಿದ್ದಾರಾ, ಇವು ಗುಟ್ಟು. ಇವನ್ನು ಬಲ್ಲವನು ಅಡ್ಮಿರಲ್ ಒಬ್ಬನೇ ಅಲ್ಲ, ಬಣ್ಣದ ಡಬ್ಬ ಹಿಡಿದವನಿಗೂ ಗೊತ್ತಿರುತ್ತದೆ. ಹನಿಗೂಡಿದರೆ ಹಳ್ಳ ಎಂಬ ಮಾತು ನಮ್ಮ ಕಡೆ ಮಳೆಗೆ ಮಾತ್ರ ಹೇಳುವುದಲ್ಲ.

ನಮ್ಮ ಊರಿನ ಬಗ್ಗೆ ಒಂದು ಮಾತು ಹೇಳಲೇಬೇಕು. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಇಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಇಟ್ಟಾಗ ನಾನು ಹೊಸದಾಗಿ ನೌಕರಿಗೆ ಸೇರಿದ್ದೆ. ಬಿಣಗಾ, ಅರಗಾ, ಚೆಂಡಿಯೆ ಕಡೆಯಿಂದ ಅಮದಳ್ಳಿಯ ಆಚೆಗೂ ಊರುಗಳು ತೆರವಾದವು. ಸಾವಿರಾರು ಮನೆಯವರು ಗದ್ದೆ, ತೋಟ, ದೋಣಿ ಎಳೆಯುವ ದಂಡೆ, ದೇವರ ಬನ ಬಿಟ್ಟುಕೊಟ್ಟರು. ಪರಿಹಾರದ ವ್ಯಾಜ್ಯ ದಶಕಗಳ ಕಾಲ ಕೋರ್ಟುಗಳಲ್ಲಿ ಅಲೆಯಿತು. 2005ರ ಮೇ 31ರಂದು ಆ ನೆಲೆ, ಐಎನ್‌ಎಸ್ ಕದಂಬ, ಉದ್ಘಾಟನೆಯಾದಾಗ, ನಮ್ಮ ಮಕ್ಕಳಿಗೆ ಕೆಲಸವಾದರೂ ಸಿಗುತ್ತದೆ ಎಂದುಕೊಂಡೆವು. ಕೆಲವರಿಗೆ ಸಿಕ್ಕಿತು, ಬಹುಪಾಲು ಗುತ್ತಿಗೆಯಲ್ಲಿ. ಇದನ್ನು ದೂರಾಗಿ ಹೇಳುತ್ತಿಲ್ಲ. ನೆಲ ಕೊಟ್ಟ ಊರಿನವರಿಗೆ ಆ ನೆಲದ ಮೇಲೆ ನಿಂತ ಹಡಗಿನ ಬಗ್ಗೆ ಇರುವ ಅಭಿಮಾನ ಸಣ್ಣದಲ್ಲ. ನಮ್ಮ ನಡುವಿನಿಂದಲೇ ಇಬ್ಬರ ಬಂಧನವಾದಾಗ ಊರಿಗೆ ಊರೇ ತಲೆತಗ್ಗಿಸಿತು. ಅವರ ಮೇಲಿನ ಆರೋಪ ನ್ಯಾಯಾಲಯ ತೀರ್ಮಾನಿಸಬೇಕಾದ್ದು, ನಾನು ಏನೂ ಹೇಳಲಾರೆ. ಆದರೆ ಅವರ ಬಂಧನದ ಮಾರನೆಯ ದಿನದಿಂದ ಪಾಸು ಹಿಡಿದು ಕೆಲಸಕ್ಕೆ ಹೋಗುವ ಪ್ರತಿ ಹುಡುಗನನ್ನೂ ಬಸ್ಸಿನಲ್ಲಿ ಪಕ್ಕದವರು ಒಂದು ಥರಾ ನೋಡತೊಡಗಿದರು. ಅದು ಮಾತ್ರ ನನ್ನ ಕಣ್ಣಿಗೆ ಬಿದ್ದದ್ದು.

ಈ ಹಾವಳಿ ಗುತ್ತಿಗೆ ಹುಡುಗರಿಂದ ಶುರುವಾದದ್ದಲ್ಲ. 2019ರ ಡಿಸೆಂಬರಿನಲ್ಲಿ ಆಂಧ್ರ ಪೊಲೀಸರ ಗುಪ್ತಚರ ವಿಭಾಗ 'ಡಾಲ್ಫಿನ್ಸ್ ನೋಸ್' ಎಂದು ಹೆಸರಿಟ್ಟು ನಡೆಸಿದ ಕಾರ್ಯಾಚರಣೆಯಲ್ಲಿ ಸಿಕ್ಕಿದವರು ಸಮವಸ್ತ್ರ ತೊಟ್ಟ ನಾವಿಕರೇ, ಏಳು ಮಂದಿ. ವಿಶಾಖಪಟ್ಟಣ, ಮುಂಬೈ ಜೊತೆಗೆ ಕಾರವಾರದ ಹೆಸರೂ ಅದರಲ್ಲಿ ಬಂತು. ಅದೇ ತಿಂಗಳ ಕೊನೆಗೆ ನೌಕಾಪಡೆ ಹಡಗು ಮತ್ತು ನೆಲೆಗಳಲ್ಲಿ ಸ್ಮಾರ್ಟ್‌ಫೋನ್, ಫೇಸ್‌ಬುಕ್ ನಿಷೇಧಿಸಿತು. 2023ರ ಮೇ ತಿಂಗಳಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪುಣೆ ಪ್ರಯೋಗಾಲಯದ ನಿರ್ದೇಶಕ ಹುದ್ದೆಯಲ್ಲಿದ್ದವರ ಮೇಲೇ ಇಂಥದ್ದೇ ಆರೋಪ ಬಂತು. 2025ರ ನವೆಂಬರಿನಲ್ಲಿ ಮಲ್ಪೆಯ ಹಡಗುಕಟ್ಟೆಯಿಂದ ಹಡಗುಗಳ ಪಟ್ಟಿ ವಾಟ್ಸಾಪ್‌ನಲ್ಲಿ ಹೋಯಿತೆಂದು ಉಡುಪಿ ಪೊಲೀಸರು ಇಬ್ಬರನ್ನು ಹಿಡಿದರು. ಬಲೆ ಬೀಸುವವನಿಗೆ ಬಂಗಡೆಯಂಥ ಸಣ್ಣ ಮೀನೂ ಬೇಕು, ಇಸ್ವಾಣದಂಥ ದೊಡ್ಡದೂ ಬೇಕು.

ಶಿಕ್ಷೆಯ ವಿಷಯಕ್ಕೆ ಬರುತ್ತೇನೆ. ದೇಶದ ಗುಟ್ಟು ಮಾರಿದವನಿಗೆ ಕಠಿಣ ಶಿಕ್ಷೆ ಆಗಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಗಲಾಟೆ ಮಾಡುತ್ತಿದ್ದ ಒಬ್ಬ ಇವತ್ತು ಜಲಾಂತರ್ಗಾಮಿಯಲ್ಲಿದ್ದಾನೆ. ತಿಂಗಳುಗಟ್ಟಲೆ ನೀರಿನ ಕೆಳಗೆ ಇರುತ್ತಾನೆ, ಮನೆಗೆ ಫೋನಿಲ್ಲ, ಎಲ್ಲಿದ್ದಾನೆಂದು ಹೆಂಡತಿಗೂ ತಿಳಿಯದು. ಅವನು ಎಲ್ಲಿದ್ದಾನೆಂಬುದನ್ನು ದುಡ್ಡಿಗೆ ಮಾರುವವನು ಅವನ ಪ್ರಾಣ ಮಾರಿದ ಹಾಗೆ. ಆದರೆ ನಮ್ಮ ಕಾನೂನು ಶಿಕ್ಷೆಯನ್ನು ಬರೆದಿರುವ ರೀತಿ ಒಂದು, ಅದು ನಡೆಯುವ ರೀತಿ ಇನ್ನೊಂದು.

ಅಧಿಕೃತ ರಹಸ್ಯ ಕಾಯ್ದೆ ಬ್ರಿಟಿಷರು 1923ರಲ್ಲಿ ಮಾಡಿದ್ದು. ರಕ್ಷಣೆಗೆ ಸಂಬಂಧಿಸಿದ ಬೇಹುಗಾರಿಕೆಗೆ ಮೂರನೆಯ ಸೆಕ್ಷನ್ನಿನಲ್ಲಿ 14 ವರ್ಷದವರೆಗೆ ಸಜೆ. ಐದನೆಯ ಸೆಕ್ಷನ್ನಿನಲ್ಲಿ 3 ವರ್ಷದವರೆಗೆ. ಈ ಐದನೆಯದರ ಹೊಟ್ಟೆಯಲ್ಲಿ ಏನೇನಿದೆ ನೋಡಿ: ಅಧಿಕಾರವಿಲ್ಲದೆ ಕೊಟ್ಟವನು, ತೆಗೆದುಕೊಂಡವನು, ಸರಿಯಾಗಿ ಜೋಪಾನ ಮಾಡದವನು, ಎಲ್ಲರೂ ಒಂದೇ ಗೂಡಿನಲ್ಲಿ. 'ರಹಸ್ಯ' ಎಂದರೇನು ಎಂಬ ವ್ಯಾಖ್ಯೆ ಮಾತ್ರ ಇಡೀ ಕಾಯ್ದೆಯಲ್ಲಿ ಇಲ್ಲ. ಯಾವ ಕಾಗದಕ್ಕೆ ಯಾವ ಮುದ್ರೆ ಒತ್ತಬೇಕು ಎಂಬುದು ಗೃಹ ಸಚಿವಾಲಯದ ಕೈಪಿಡಿಯಲ್ಲಿದೆ; ಆ ಕೈಪಿಡಿಯೂ ಜನಸಾಮಾನ್ಯರ ಕೈಗೆ ಸಿಗುವಂಥದ್ದಲ್ಲ.

ನಾಗಪುರದ ಬ್ರಹ್ಮೋಸ್ ಕ್ಷಿಪಣಿ ಕಂಪನಿಯ ಎಂಜಿನಿಯರ್ ಪ್ರಕರಣವನ್ನೇ ತೆಗೆದುಕೊಳ್ಳಿ. 2018ರಲ್ಲಿ ಬಂಧನ. ನೌಕರಿ ಕೊಡಿಸುತ್ತೇವೆಂದು ನಂಬಿಸಿದ ನಕಲಿ ಖಾತೆಯೊಂದರ ಮಾತು ಕೇಳಿ ಲ್ಯಾಪ್‌ಟಾಪ್‌ಗೆ ಆ್ಯಪ್‌ಗಳನ್ನು ಇಳಿಸಿಕೊಂಡಿದ್ದರು, ಆ ಆ್ಯಪ್‌ಗಳೇ ಕಳ್ಳಗಂಡಿ. 2024ರ ಜೂನಿನಲ್ಲಿ ಸೆಷನ್ಸ್ ಕೋರ್ಟು ಜೀವಾವಧಿ ವಿಧಿಸಿತು. 2025ರ ಡಿಸೆಂಬರಿನಲ್ಲಿ ಹೈಕೋರ್ಟು ಬೇಹುಗಾರಿಕೆಯ ಆರೋಪದಿಂದ ಬಿಡುಗಡೆ ಮಾಡಿ, ರಹಸ್ಯ ಕಡತಗಳನ್ನು ಜೋಪಾನ ಮಾಡದ ತಪ್ಪಿಗೆ 3 ವರ್ಷದ ಶಿಕ್ಷೆಯನ್ನಷ್ಟೇ ಎತ್ತಿಹಿಡಿಯಿತು. ಅಷ್ಟರಲ್ಲಿ ಬಂಧನವಾಗಿ 7 ವರ್ಷ ಕಳೆದಿತ್ತು. ಜೀವಾವಧಿಗೂ ಮೂರು ವರ್ಷಕ್ಕೂ ನಡುವೆ ಎಷ್ಟು ಅಂತರ! ಅಜಾಗರೂಕತೆಗೂ ದ್ರೋಹಕ್ಕೂ ಇರುವ ಗೆರೆಯನ್ನು ಕಾನೂನೇ ಮೊದಲು ದಪ್ಪಗೆ ಎಳೆದಿದ್ದರೆ, ನ್ಯಾಯಾಲಯಗಳು ಹೀಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕಾಗಿರಲಿಲ್ಲ.

ದೊಡ್ಡವರ ಕತೆ ಬೇರೆ. 2005ರಲ್ಲಿ ದೆಹಲಿಯ ನೌಕಾಪಡೆಯ ವಾರ್ ರೂಮಿನಿಂದಲೇ ಪೆನ್ ಡ್ರೈವ್‌ಗಳಲ್ಲಿ ಸಾವಿರಾರು ಪುಟ ಹೊರಗೆ ಹೋದವು. ಮೂವರು ಅಧಿಕಾರಿಗಳನ್ನು ಅದೇ ವರ್ಷ ವಜಾ ಮಾಡಿದರು, ಅದು ಸರಿಯಾದ ಕ್ರಮ. ಆದರೆ ನಿವೃತ್ತ ಕ್ಯಾಪ್ಟನ್ ಒಬ್ಬರಿಗೆ 7 ವರ್ಷದ ಶಿಕ್ಷೆಯಾಗಲು 2018 ಬರಬೇಕಾಯಿತು. ಮುಖ್ಯ ಆರೋಪಿಯನ್ನು ಬ್ರಿಟನ್ನಿನಿಂದ ಕರೆತರಲು ಆಗಲೇ ಇಲ್ಲ; 2014ರಲ್ಲಿ ಲಂಡನ್ ಹೈಕೋರ್ಟು ಹಸ್ತಾಂತರಕ್ಕೆ ಒಪ್ಪಲಿಲ್ಲ. ಇನ್ನೂ ಹಿಂದೆ ಹೋದರೆ 1985ರಲ್ಲಿ ಕುಮಾರ್ ನಾರಾಯಣ್ ಎಂಬ ಕಂಪನಿ ಪ್ರತಿನಿಧಿಯ ಪ್ರಕರಣ. ಪ್ರಧಾನಿ ಕಚೇರಿ, ರಕ್ಷಣಾ ಸಚಿವಾಲಯದ ಆಪ್ತ ಸಹಾಯಕರು, ಗುಮಾಸ್ತರು ಕಡತಗಳನ್ನು ಜೆರಾಕ್ಸ್ ಮಾಡಿಸಿ ಅವನಿಗೆ ಕೊಡುತ್ತಿದ್ದರು. ತೀರ್ಪು ಬಂದದ್ದು 2002ರಲ್ಲಿ, 17 ವರ್ಷದ ಮೇಲೆ. ಆ ಹೊತ್ತಿಗೆ ಮುಖ್ಯ ಆರೋಪಿ ತೀರಿಕೊಂಡೇ ಆಗಿತ್ತು. 2016ರಲ್ಲಿ ನಮ್ಮ ನೌಕಾಪಡೆಯ ಸ್ಕಾರ್ಪಿನ್ ಜಲಾಂತರ್ಗಾಮಿಯ 22,400 ಪುಟಗಳು ಸೋರಿದ್ದು ಆಸ್ಟ್ರೇಲಿಯಾದ ಪತ್ರಿಕೆಯಿಂದ ನಮಗೆ ತಿಳಿಯಿತು. ಅದರ ವಿನ್ಯಾಸ ಮಾಡಿದ ಫ್ರಾನ್ಸಿನ ಕಂಪನಿ ಹೆಸರು ಬದಲಿಸಿಕೊಂಡು ಮುಂದೆ ಸಾಗಿತು. ಸೆಲ್ಫಿ ಕಳಿಸಿದ ಹುಡುಗನಿಗೆ ಹೆದರಿಕೆ ಇದೆ, ಹೆದರಬೇಕಾದವರಿಗೆ ಇಲ್ಲ. ಹದಿನೇಳು ವರ್ಷದ ಮೇಲೆ ಬರುವ ಶಿಕ್ಷೆಗೆ ಯಾವ ಕಳ್ಳನೂ ಹೆದರುವುದಿಲ್ಲ.

ಅಮೆರಿಕದಲ್ಲಿ 21 ವರ್ಷದ ಜ್ಯಾಕ್ ಟೆಶೇರಾ ಎಂಬ ವಾಯುಪಡೆಯ ಹುಡುಗ ಯುಕ್ರೇನ್ ಯುದ್ಧದ ರಹಸ್ಯ ಕಾಗದಗಳನ್ನು ಗೆಳೆಯರ ಮುಂದೆ ಜಂಭ ಕೊಚ್ಚಿಕೊಳ್ಳಲು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಹಾಕಿದ. 2023ರ ಏಪ್ರಿಲಿನಲ್ಲಿ ಬಂಧನ, 2024ರ ನವೆಂಬರಿನಲ್ಲಿ 15 ವರ್ಷ ಸಜೆ. ಹತ್ತೊಂಬತ್ತು ತಿಂಗಳಲ್ಲಿ ಮುಗಿಯಿತು. ನನಗೆ ಮುಖ್ಯವೆನಿಸಿದ್ದು ಅದಲ್ಲ. ಅವನ ಘಟಕದ 15 ಮಂದಿಯ ಮೇಲೂ ವಾಯುಪಡೆ ಶಿಸ್ತುಕ್ರಮ ಕೈಗೊಂಡಿತು. ತನಗೆ ಸಂಬಂಧವಿಲ್ಲದ ಕಡತಗಳನ್ನು ಅವನು ಓದುವುದನ್ನು, ಚೀಟಿಯಲ್ಲಿ ಬರೆದುಕೊಳ್ಳುವುದನ್ನು ಮೇಲಿನವರು ನೋಡಿದ್ದರು. ನೋಡಿಯೂ ಮೇಲಕ್ಕೆ ತಿಳಿಸಬೇಕಾದಷ್ಟು ತಿಳಿಸಲಿಲ್ಲ ಎಂಬುದೇ ಅವರ ತಪ್ಪು. ನಮ್ಮಲ್ಲಿ ಸಿಕ್ಕಿಬಿದ್ದವನ ಮೇಲ್ವಿಚಾರಕ ಯಾರು, ಅವನಿಗೆ ಪಾಸು ಕೊಡಿಸಿದ ಗುತ್ತಿಗೆದಾರ ಅವನ ಹಿನ್ನೆಲೆ ನೋಡಿದ್ದನಾ, ಬುತ್ತಿಚೀಲ ತಪಾಸಣೆ ಮಾಡಬೇಕಿದ್ದವನು ಅಂದು ಎಲ್ಲಿದ್ದ ಎಂದು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಶಿಕ್ಷೆ ಬೇಗ ಆಗಲಿ ಎಂದರೆ ಯಾರನ್ನಾದರೂ ಹಿಡಿದು ಹಾಕಲಿ ಎಂದಲ್ಲ. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು 1994ರಲ್ಲಿ ಇದೇ ಕಾಯ್ದೆಯಡಿ ಬಂಧಿಸಿದರು. 50 ದಿನ ಜೈಲು, ಎರಡು ವರ್ಷದೊಳಗೆ ಸಿಬಿಐ ಇದು ಸುಳ್ಳು ಕೇಸು ಎಂದಿತು. ಆದರೂ ಸುಪ್ರೀಂ ಕೋರ್ಟು ಅವರಿಗೆ 50 ಲಕ್ಷ ಪರಿಹಾರ ಕೊಡಿಸಲು 2018ರ ಸೆಪ್ಟೆಂಬರ್ 14 ಬರಬೇಕಾಯಿತು. ಅದೇ ಕೇಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಇನ್ನೊಬ್ಬರು ನಮ್ಮ ಬೆಂಗಳೂರಿನಲ್ಲಿದ್ದರು, ರಷ್ಯಾದ ಗ್ಲಾವ್‌ಕಾಸ್ಮೊಸ್ ಎಂಬ ಬಾಹ್ಯಾಕಾಶ ಸಂಸ್ಥೆಯ ಭಾರತದ ಪ್ರತಿನಿಧಿಯಾಗಿದ್ದವರು. ತೀರ್ಪಿನ ದಿನ ಬೆಳಿಗ್ಗೆಯೇ ಅವರ ಪ್ರಜ್ಞೆ ತಪ್ಪಿತು. ಎರಡು ದಿನದ ಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಪ್ಪತ್ತನಾಲ್ಕು ವರ್ಷ ಕಾದ ಮಾತನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಈ ಸುದ್ದಿ ಓದಿದ ದಿನ ನಾನು ಸುಮ್ಮನೆ ಕೂತಿದ್ದೆ. ಅದೇ ನೆನಪು ನನ್ನ ಹುಡುಗನ ಮುಂದೆ ನನ್ನ ಬಾಯಿ ಕಟ್ಟಿತೇನೊ.

ಗುಟ್ಟು ಎಂಬ ಮುದ್ರೆಯ ಬಗ್ಗೆಯೂ ಹೇಳಬೇಕು, ಹೆಚ್ಚು ಬೆಳೆಸುವುದಿಲ್ಲ. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ವರದಿ 1963ರಿಂದ ಬೀಗದೊಳಗಿದೆ. ಅದರಲ್ಲಿ ಇವತ್ತಿಗೂ ಸೇನೆಗೆ ಉಪಯೋಗವಾಗುವ ಸಂಗತಿಗಳಿವೆ ಎಂದು 2010ರಲ್ಲಿ ಆಗಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಹೇಳಿದರು. ನಾಲ್ಕೇ ವರ್ಷಕ್ಕೆ ವಿದೇಶಿ ಪತ್ರಕರ್ತರೊಬ್ಬರು ಅದರ ಒಂದು ಭಾಗವನ್ನು ಅಂತರಜಾಲದಲ್ಲಿ ಹಾಕಿದರು. ದೇಶ ಮುಳುಗಲಿಲ್ಲ. 2002ರಲ್ಲಿ ಪತ್ರಕರ್ತ ಇಫ್ತಿಖಾರ್ ಗಿಲಾನಿ ಏಳು ತಿಂಗಳು ತಿಹಾರ್ ಜೈಲಿನಲ್ಲಿದ್ದರು. ಅವರ ಕಂಪ್ಯೂಟರಿನಲ್ಲಿ ಸಿಕ್ಕಿದ್ದು ಆಗಲೇ ಪ್ರಕಟವಾಗಿದ್ದ ಲೇಖನವೆಂದು ಸೇನೆಯ ಗುಪ್ತಚರ ವಿಭಾಗವೇ ಕೊನೆಗೆ ಹೇಳಿತು. ನಮ್ಮ ಕರ್ನಾಟಕದ ವೀರಪ್ಪ ಮೊಯಿಲಿ ಅವರ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗ 2006ರಲ್ಲಿ ತನ್ನ ಮೊದಲ ವರದಿಯಲ್ಲೇ, 1923ರ ಕಾಯ್ದೆ ತೆಗೆದುಹಾಕಿ, ನಿಜವಾದ ರಹಸ್ಯಗಳಿಗೆ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯ ಸೇರಿಸಿ ಎಂದು ಹೇಳಿತ್ತು. ಆ ವರದಿ ಕಪಾಟಿನಲ್ಲೇ ಉಳಿಯಿತು. ಎಲ್ಲ ಕಾಗದಕ್ಕೂ ಒಂದೇ ಕೆಂಪು ಮುದ್ರೆ ಬಿದ್ದರೆ, ಅದನ್ನು ದಿನವೂ ನೋಡುವ ಗುಮಾಸ್ತನಿಗೆ ಯಾವುದು ಪ್ರಾಣದ ವಿಷಯ, ಯಾವುದು ಯಾರದೋ ಮಾನದ ವಿಷಯ ಎಂಬುದು ಮರೆತೇಹೋಗುತ್ತದೆ.

ಸೋರಿಕೆ ಕೆಳಗಿನಿಂದಷ್ಟೇ ಆಗುವುದಿಲ್ಲ ಎನ್ನುವುದಕ್ಕೆ 26/11 ಸಾಕು. ತಾಜ್ ಹೋಟೆಲಿನ ಮೇಲೆ ಕಮಾಂಡೊಗಳು ಎಲ್ಲಿದ್ದಾರೆಂದು ಟಿವಿಯವರು ನೇರಪ್ರಸಾರ ಮಾಡುತ್ತಿದ್ದಾಗ ಕರಾಚಿಯಲ್ಲಿ ಕೂತವರು ಅದನ್ನು ನೋಡಿ ಹಂತಕರಿಗೆ ಫೋನಿನಲ್ಲಿ ಹೇಳುತ್ತಿದ್ದರು. 2012ರ ಕಸಬ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟುವಾಗಿ ಟೀಕಿಸಿತು. ಯಾವ ಚಾನೆಲ್ಲಿನವರೂ ಜೈಲಿಗೆ ಹೋಗಲಿಲ್ಲ.

ಈಗ ನನ್ನ ಕೋರಿಕೆ. ಸಚಿವರೇ, ಇದೊಂದನ್ನು ಮಾಡಿ: ಬಲೆಗೆ ಬಿದ್ದವನು ತಾನಾಗಿ ಬಂದು ಹೇಳಲು ಒಂದು ಬಾಗಿಲು ತೆರೆಯಿರಿ.

ಅನುಮಾನ ಬಂದ ಕೂಡಲೇ, ಬಂಧನಕ್ಕೆ ಮೊದಲು, ತಾನಾಗಿ ಬಂದು ಫೋನು ಒಪ್ಪಿಸಿ ನಡೆದದ್ದನ್ನು ಪೂರ್ತಿ ಹೇಳಿದವನನ್ನು ಬೇಹುಗಾರನೆಂದು ಹಿಡಿಯುವುದಿಲ್ಲ ಎಂದು ಕಾನೂನಿನಲ್ಲೇ ಬರೆಯಿರಿ. ನಿಜ ಹೇಳಿ ಸಾಕ್ಷಿಯಾದ ಆರೋಪಿಗೆ ಕ್ಷಮೆ ಕೊಡುವ ಮಾಫಿ ಸಾಕ್ಷಿಯ ಅವಕಾಶ ಈಗಲೂ ಇದೆ, ಗೊತ್ತು. ಅದು ಕೇಸು ದಾಖಲಾಗಿ ಆರೋಪಿಯಾದ ಮೇಲಿನ ಮಾತು. ನಾನು ಕೇಳುತ್ತಿರುವುದು ಅದಕ್ಕಿಂತ ಮೊದಲಿನದು. ಅವನು ನಿಯಮ ಮೀರಿದ್ದಕ್ಕೆ ದಂಡ ಹಾಕಿ, ಬೇಕಾದರೆ ಪಾಸು ಆರು ತಿಂಗಳು ಕಸಿದುಕೊಳ್ಳಿ. ಜೈಲಿನ ಹೆದರಿಕೆ ಮಾತ್ರ ತೆಗೆಯಿರಿ. ಮೊದಲ ವಾರದಲ್ಲೇ ಹತ್ತು ಹುಡುಗರು ಬಂದು ಹೇಳಿದರೆ ನಿಮ್ಮ ಅಧಿಕಾರಿಗಳಿಗೆ ಹತ್ತು ದಾರದ ತುದಿ ಸಿಕ್ಕಂತೆ. 1971ರಲ್ಲಿ ಮಾಡಿದ ಹಾಗೆ ಸುಳ್ಳು ಸುದ್ದಿಯನ್ನೇ ಆಚೆಗೆ ಹರಿಸಲೂಬಹುದು. ಹೇಳದೆ ಮುಚ್ಚಿಟ್ಟು, ದುಡ್ಡು ಎಣಿಸಿಕೊಂಡು, ಗೊತ್ತಿದ್ದೂ ಮುಂದುವರಿಸಿದವನಿಗೆ ಹದಿನಾಲ್ಕು ವರ್ಷ ಹಾಕಿ. ವಿಶೇಷ ನ್ಯಾಯಾಲಯದಲ್ಲಿ, ಎರಡು ವರ್ಷದೊಳಗೆ.

ಇನ್ನೊಂದು ಚಿಕ್ಕ ಸಂಗತಿ. ಕೆಲಸಕ್ಕೆ ಸೇರುವ ದಿನ ಆ ಹುಡುಗ ಒಂದು ಫಾರಮ್ಮಿಗೆ ಸಹಿ ಹಾಕಿದ್ದ. ಇಂಗ್ಲಿಷಿನಲ್ಲಿ ಎರಡು ಪುಟ. ಏನು ಬರೆದಿತ್ತು ಎಂದು ಕೇಳಿದೆ. "ಗೊತ್ತಿಲ್ಲ ಮಾಸ್ತರೇ, ಎಲ್ಲರೂ ಹಾಕಿದರು, ನಾನೂ ಹಾಕಿದೆ" ಎಂದ. ಎಂಟನೆಯ ತರಗತಿಯಲ್ಲಿ ಅವನಿಗೆ ಇಂಗ್ಲಿಷ್ ಕಲಿಸಿದ್ದು ನಾನೇ, ಅವನ ಇಂಗ್ಲಿಷು ಎಷ್ಟು ಎಂದು ನನಗೆ ಗೊತ್ತು. ಹದಿನಾಲ್ಕು ವರ್ಷ ಜೈಲಿಗೆ ಹಾಕಬಹುದಾದ ಕಾನೂನನ್ನು ಕನ್ನಡದಲ್ಲಿ, ಕೊಂಕಣಿಯಲ್ಲಿ, ಬಿಹಾರದಿಂದ ಬಂದವನಿಗೆ ಅವನ ಮಾತಿನಲ್ಲಿ, ಒಂದು ಗಂಟೆ ಕೂರಿಸಿ ಹೇಳುವುದಕ್ಕೆ ಎಷ್ಟು ಖರ್ಚಾಗುತ್ತದೆ? ಬಿಳಿ ಸಮವಸ್ತ್ರದ ಹುಡುಗಿ ಹೇಗೆ ಮಾತು ಶುರು ಮಾಡುತ್ತಾಳೆ, ಅಮ್ಮನ ಕಾಲುನೋವಿನಿಂದ ಹಡಗಿನ ಹೊರಡುವ ದಿನದವರೆಗೆ ಹೇಗೆ ಕರೆದೊಯ್ಯುತ್ತಾಳೆ ಎಂದು ನಿಜವಾದ ಸಂದೇಶಗಳನ್ನೇ ಹೆಸರು ಅಳಿಸಿ ತೋರಿಸಿ. ಹುಡುಗರಿಗೆ ಅರ್ಥವಾಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿರುವ ಪ್ರತಿಯೊಬ್ಬನಿಗೂ ಇದನ್ನು ಮಾಡಿದ್ದೇನೆ ಎಂದು ಗುತ್ತಿಗೆದಾರ ಬರೆದುಕೊಡದ ಹೊರತು ಅವನ ಬಿಲ್ ಪಾಸಾಗಬಾರದು. ಅವನ ಕೆಲಸಗಾರ ಸಿಕ್ಕಿಬಿದ್ದರೆ ಮೊದಲ ಪ್ರಶ್ನೆ ಅವನಿಗೇ ಹೋಗಬೇಕು.

ಆ ಹುಡುಗ ಮಳೆಗಾಲದಲ್ಲಿ ಬೋಟುಗಳು ದಡ ಸೇರಿದಾಗ ಊರಿಗೆ ಬಂದ. ಈ ಸಲ ನಾನು ತಡಮಾಡಲಿಲ್ಲ. ವಕೀಲರೊಬ್ಬರನ್ನು ಜೊತೆ ಮಾಡಿಕೊಂಡು ಮೂವರೂ ಹೋದೆವು. ಅಧಿಕಾರಿ ಒಳ್ಳೆಯವರು. ಕೂರಿಸಿ, ನೀರು ಕೊಟ್ಟು, ಒಂದೂವರೆ ಗಂಟೆ ಕೇಳಿಸಿಕೊಂಡು ಬರೆದುಕೊಂಡರು. ಹುಡುಗಿಯ ಖಾತೆಯ ಹೆಸರು ಕೇಳಿದರು, ಅವನು ಹೇಳಿದ. ಅವರು ಅಲ್ಲೇ ಹುಡುಕಿದರು. ಆ ಹೆಸರಿನ ಖಾತೆ ಇರಲಿಲ್ಲ. ದುಡ್ಡು ಬಂದ ನಂಬರ್ ಕೇಳಿದರು, ಅವನಿಗೆ ಕೊನೆಯ ಎರಡು ಅಂಕಿ ಮಾತ್ರ ನೆನಪಿತ್ತು. ಮೊಬೈಲ್ ಎಲ್ಲಿ ಎಂದರು.

ಅವನು ಕಿಟಕಿಯಾಚೆ ಕಾಳಿ ನದಿಯ ಕಡೆ ನೋಡಿದ.

ಅಧಿಕಾರಿ ಪೆನ್ನು ಕೆಳಗಿಟ್ಟು, "ಆವತ್ತೇ ಬಂದಿದ್ದರೆ..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಹೊರಗೆ ಬರುವಾಗ ನಾನು ಅವರನ್ನು ಕೇಳಿದೆ, ಇಂಥದ್ದು ಇನ್ನೊಬ್ಬನಿಗೆ ಆದರೆ ರಾತ್ರಿ ಹನ್ನೊಂದು ಗಂಟೆಗೆ ಅವನು ಯಾರಿಗೆ ಫೋನ್ ಮಾಡಬೇಕು? ಅವರು ತಮ್ಮ ಸ್ವಂತ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅದು ನನ್ನ ಹತ್ತಿರ ಇದೆ. ಅವರಿಗೆ ವರ್ಗವಾಗುವವರೆಗೆ ಉಪಯೋಗಕ್ಕೆ ಬರುತ್ತದೆ. ಅದರ ಬದಲು ವರ್ಗವಾಗದ, ಕನ್ನಡದಲ್ಲೂ ಕೊಂಕಣಿಯಲ್ಲೂ ಉತ್ತರಿಸುವ ಒಂದು ನಂಬರನ್ನು ಪ್ರತಿ ಪಾಸಿನ ಹಿಂಬದಿಯಲ್ಲಿ ಅಚ್ಚು ಹಾಕಿಸಿಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಾರವಾರದ ಒಬ್ಬ ನಿವೃತ್ತ ಮಾಸ್ತರ